ಹುಲ್ಲು ತಿನ್ನುವುದು ಹಸುವಲ್ಲ

ನ್ಯೂಜಿಲೆಂಡಿನ ಉತ್ತರ ದ್ವೀಪದ ನಟ್ಟನಡುವೆ, ಟೌಪೊ ಸರೋವರದ ಸುತ್ತಮುತ್ತ, ನೆಲವೆಲ್ಲ ಜ್ವಾಲಾಮುಖಿಗಳು ಉಗುಳಿದ ಹಗುರ ಬೂದಿ. ಅಲ್ಲಿ ಕಾಡು ಸವರಿ ಹುಲ್ಲು ಬೆಳೆಸಿದ ವಲಸಿಗರು ದನಕುರಿಗಳನ್ನು ಮೇಯಲು ಬಿಟ್ಟರು. ಹುಲ್ಲಿಗೆ ಏನೂ ಕೊರತೆಯಿರಲಿಲ್ಲ, ಮಳೆಗೂ ಇರಲಿಲ್ಲ. ಆದರೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಕುರಿಗಳು ಮೇವಿಗೆ ಬಾಯಿ ಹಾಕುವುದನ್ನೇ ಬಿಟ್ಟವು. ಕಣ್ಣಿಂದ ನೀರು ಸುರಿಯುತ್ತಿತ್ತು, ಒಸಡು ಬಿಳಿಚಿಕೊಂಡಿತ್ತು, ಉಣ್ಣೆ ಕಳೆಗುಂದಿತ್ತು. ದಟ್ಟ ಹಸಿರಿನ ನಡುವೆ ನಿಂತು ಅವು ಎಲುಬಿನ ಹಂದರವಾಗಿ ಸತ್ತವು. ರೈತರು ಇದನ್ನು ಕಾಡುರೋಗ ಎಂದರು. ಕೈಂಗರೋವಾ ಎಂಬ ದೊಡ್ಡ ಬಯಲನ್ನು ಪಶುಪಾಲನೆಗೆ ಒದಗದ ನೆಲವೆಂದು ಬಿಟ್ಟು, ಪೈನ್ ಮರಗಳನ್ನು ನೆಟ್ಟರು.

ಸಮುದ್ರದಾಚೆ ದಕ್ಷಿಣ ಆಸ್ಟ್ರೇಲಿಯಾದ ಸುಣ್ಣಮಿಶ್ರಿತ ಮರಳಿನ ಕರಾವಳಿಯಲ್ಲೂ ಇದೇ ಪಾಡು. ಅಲ್ಲಿ ಇದರ ಹೆಸರು ಕರಾವಳಿ ರೋಗ. ಕುರಿಗಾಹಿಗಳು ಅನುಭವದಿಂದಲೇ ಒಂದು ಉಪಾಯ ಕಂಡುಕೊಂಡಿದ್ದರು: ಹಿಂಡು ಸೊರಗತೊಡಗಿದ ಕೂಡಲೇ ಒಳನಾಡಿಗೆ ಅಟ್ಟಿಕೊಂಡು ಹೋಗುವುದು. ಅಲ್ಲಿ ಕೆಲವು ವಾರ ಮೇದರೆ ಕುರಿಗಳು ಮತ್ತೆ ಚೇತರಿಸಿಕೊಳ್ಳುತ್ತಿದ್ದವು. ಪಶ್ಚಿಮ ಆಸ್ಟ್ರೇಲಿಯಾದ ಡೆನ್ಮಾರ್ಕ್ ಎಂಬ ಊರಿನ ಸುತ್ತ ದನಗಳಿಗೂ ಹೀಗೆಯೇ ಆಗುತ್ತಿತ್ತು. ವಿಚಿತ್ರವೆಂದರೆ, ಅದೇ ಹುಲ್ಲು ಮೇಯುತ್ತಿದ್ದ ಕುದುರೆಗಳಿಗೆ ಏನೂ ಆಗುತ್ತಿರಲಿಲ್ಲ. ದನಕುರಿಗಳಿಗೆ ಮಾತ್ರ ಯಾಕೆ ಎಂಬ ಪ್ರಶ್ನೆಯಲ್ಲೇ ಉತ್ತರದ ಅರ್ಧ ಇತ್ತು. ಅದನ್ನು ಬಿಡಿಸಲು ಮಾತ್ರ ಬಹಳ ಕಾಲ ಹಿಡಿಯಿತು.

ಮೊದಲ ಗುಮಾನಿ ಕಬ್ಬಿಣದ ಮೇಲೆ. ರಕ್ತ ಕಡಿಮೆಯಾಗಿದೆ ಎಂದರೆ ಕಬ್ಬಿಣ ಕೊಡಬೇಕು ಎಂಬುದು ಸಹಜ ತರ್ಕ. ನ್ಯೂಜಿಲೆಂಡಿನ ಕೃಷಿ ಇಲಾಖೆಯ ರಸಾಯನಶಾಸ್ತ್ರಜ್ಞ ಬರ್ನಾರ್ಡ್ ಆಸ್ಟನ್ ಲಿಮೊನೈಟ್ ಎಂಬ ಕಬ್ಬಿಣದ ಅದಿರಿನ ಪುಡಿಯನ್ನು ತಿನ್ನಿಸಲು ಹೇಳಿದ. ಗುಣವೂ ಆಯಿತು. ಆದರೆ ಒಂದು ಕಡೆಯ ಲಿಮೊನೈಟ್ ಕೆಲಸ ಮಾಡಿದರೆ ಇನ್ನೊಂದು ಕಡೆಯದು ಮಾಡುತ್ತಿರಲಿಲ್ಲ. ಅದೂ ಕೊಡಬೇಕಾದ ಪ್ರಮಾಣ ವಿಪರೀತ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಜಾನ್ ಫಿಲ್ಮರ್ ಎಂಬ ಪಶುವೈದ್ಯ ಮತ್ತು ಎರಿಕ್ ಅಂಡರ್‌ವುಡ್ ಎಂಬ ಯುವ ಪೋಷಣಾ ವಿಜ್ಞಾನಿ ಸತ್ತ ದನಗಳ ಯಕೃತ್ತನ್ನು ಪರೀಕ್ಷಿಸಿದರು. ಅದರ ತುಂಬ ಕಬ್ಬಿಣ! ಕೊರತೆಯ ಮಾತೇ ಇಲ್ಲ. ಹಾಗಿದ್ದರೆ ಅದಿರಿನಲ್ಲಿದ್ದ ಇನ್ನೇನೋ ಒಂದು ಈ ದನಗಳನ್ನು ಉಳಿಸುತ್ತಿತ್ತು. ಇಬ್ಬರೂ ಲಿಮೊನೈಟನ್ನು ಆಮ್ಲದಲ್ಲಿ ಕರಗಿಸಿ, ಕಬ್ಬಿಣವನ್ನೆಲ್ಲ ಬೇರ್ಪಡಿಸಿ, ಉಳಿದ ದ್ರವವನ್ನು ಕಾಯಿಲೆಯ ಪ್ರಾಣಿಗಳಿಗೆ ಕುಡಿಸಿದರು. ಅವು ಎದ್ದು ಮೇಯತೊಡಗಿದವು. ಆ ದ್ರವವನ್ನು ಮತ್ತೆ ಮತ್ತೆ ಬೇರ್ಪಡಿಸುತ್ತ ಹೋದಾಗ ಕೊನೆಗೆ ಕೈಗೆ ಸಿಕ್ಕಿದ್ದು ಕೋಬಾಲ್ಟ್. ವರ್ಷ 1935. ಅದೇ ವರ್ಷ ಅಡಿಲೇಡ್‌ನಲ್ಲಿ ಹೆಡ್ಲಿ ಮಾರ್ಸ್ಟನ್ ಮತ್ತು ಇ. ಡಬ್ಲ್ಯು. ಲೈನ್ಸ್ ಬೇರೆ ದಾರಿಯಿಂದ ಬಂದು ಇದೇ ಲೋಹವನ್ನು ಮುಟ್ಟಿದರು.

ಬೇಕಾಗಿದ್ದುದು ಎಷ್ಟು? ಒಂದು ಕಿಲೋ ಒಣ ಮೇವಿನಲ್ಲಿ ಒಂದು ಮಿಲಿಗ್ರಾಂನ ಹತ್ತನೇ ಒಂದು ಭಾಗ. ಚಿಟಿಕೆ ಉಪ್ಪಿನಲ್ಲಿ ಹುಡುಕಿದರೂ ಕಾಣದಷ್ಟು. ಸೂಪರ್ ಫಾಸ್ಫೇಟ್ ಗೊಬ್ಬರಕ್ಕೆ ಒಂದಿಷ್ಟು ಕೋಬಾಲ್ಟ್ ಲವಣ ಬೆರೆಸಿ ಹುಲ್ಲುಗಾವಲಿಗೆ ಎರಚಿದ್ದೇ ತಡ, ದಶಕಗಳ ಕಾಲ ಬರಡು ಎನ್ನಿಸಿಕೊಂಡಿದ್ದ ಬೂದಿನೆಲದಲ್ಲಿ ಕುರಿ ಸಾಕಣೆ ಕುದುರಿತು.

ಇಲ್ಲಿಗೆ ಒಗಟು ಮುಗಿಯಬೇಕಿತ್ತು. ಆದರೆ ಕೋಬಾಲ್ಟನ್ನು ಸೂಜಿಯಿಂದ ನೇರವಾಗಿ ರಕ್ತಕ್ಕೆ ಕೊಟ್ಟು ನೋಡಿದಾಗ ಕುರಿಗಳು ಗುಣವಾಗಲೇ ಇಲ್ಲ. ಬಾಯಿಯಿಂದ ಕೊಟ್ಟರೆ ಮಾತ್ರ ಗುಣ. ಅಂದರೆ ಕೋಬಾಲ್ಟ್ ಬೇಕಿದ್ದುದು ಕುರಿಗಲ್ಲ. ಕುರಿಯ ಹೊಟ್ಟೆಯಲ್ಲಿದ್ದ ಇನ್ಯಾರಿಗೋ.

ಹಸು, ಎಮ್ಮೆ, ಕುರಿ, ಮೇಕೆಗಳ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ. ಅವುಗಳಲ್ಲಿ ಮೊದಲನೆಯದೂ ಎಲ್ಲಕ್ಕಿಂತ ದೊಡ್ಡದೂ ಆದ ರೂಮೆನ್, ದೊಡ್ಡ ಹಸುವಿನಲ್ಲಿ ನೂರು ಲೀಟರಿಗೂ ಮೀರಿದ ಚೀಲ. ಹಸುವಿನ ಎಡಪಕ್ಕೆಯ ಹಿಂಭಾಗದ ಕುಳಿಗೆ ಮುಷ್ಟಿ ಒತ್ತಿ ಒಂದೆರಡು ನಿಮಿಷ ನಿಂತರೆ ಅದು ತೆರೆಯಂತೆ ಎದ್ದು ಇಳಿಯುವುದು ಕೈಗೆ ತಿಳಿಯುತ್ತದೆ. ಪಶುವೈದ್ಯರು ಮೊದಲು ನೋಡುವುದೂ ಅದನ್ನೇ. ನಿಮಿಷಕ್ಕೆ ಒಂದೋ ಎರಡೋ ಸಲ ಎದ್ದರೆ ಸರಿ, ಸುಮ್ಮನಿದ್ದರೆ ಏನೋ ಎಡವಟ್ಟಾಗಿದೆ. ಒಳಗೆ 39 ಡಿಗ್ರಿ ಬಿಸಿ, ಗಾಳಿಯ ಸುಳಿವಿಲ್ಲ, ಸದಾ ಕಲಕುತ್ತಿರುವ ಹಸಿರು ಗಂಜಿ. ಇಡ್ಲಿ ಹಿಟ್ಟು ರಾತ್ರಿಯಿಡೀ ಹುದುಗು ಬರುತ್ತದಲ್ಲ, ಹಾಗೆ ಇಲ್ಲಿ ಹಗಲೂ ರಾತ್ರಿಯೂ ಹುದುಗು. ಆ ಗಂಜಿಯ ಒಂದು ಮಿಲಿಲೀಟರಿನಲ್ಲಿ ಸಾವಿರ ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾಗಳಿರುತ್ತವೆ. ಜೊತೆಗೆ ಲಕ್ಷಗಟ್ಟಲೆ ಪ್ರೋಟೊಜೋವಾಗಳು. ಶಿಲೀಂಧ್ರಗಳೂ ಇವೆ ಎಂದು ಬ್ರಿಟನ್ನಿನ ಕಾಲಿನ್ ಆರ್ಪಿನ್ 1975ರಲ್ಲಿ ತೋರಿಸುವವರೆಗೆ, ಆಮ್ಲಜನಕವಿಲ್ಲದೆ ಶಿಲೀಂಧ್ರ ಬದುಕೀತೆಂದು ಯಾರೂ ನಂಬಿರಲಿಲ್ಲ.

ಬೈಹುಲ್ಲಿನ ನಾರನ್ನು ಒಡೆಯುವ ಕಿಣ್ವ ಯಾವ ಹಸುವಿನಲ್ಲೂ ಇಲ್ಲ. ಒಡೆಯುವವರು ಈ ಸೂಕ್ಷ್ಮಜೀವಿಗಳು. ಅವು ನಾರನ್ನು ತಿಂದು ಬಿಡುವ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಆಮ್ಲಗಳೇ ಹಸುವಿನ ನಿಜವಾದ ಆಹಾರ. ಅದರ ಶಕ್ತಿಯ ಸುಮಾರು ಮುಕ್ಕಾಲು ಪಾಲು ಬರುವುದು ಅಲ್ಲಿಂದ. ಗಂಜಿ ಮುಂದೆ ಸಾಗಿ ನಾಲ್ಕನೇ ಕೋಣೆಗೆ ಇಳಿದಾಗ ಆ ಜೀವಿಗಳೂ ಜೊತೆಗೆ ಹೋಗಿ, ಆಮ್ಲಕ್ಕೆ ಸಿಕ್ಕು ಜೀರ್ಣವಾಗುತ್ತವೆ. ಹಸುವಿಗೆ ಬೇಕಾದ ಪ್ರೋಟೀನಿನ ದೊಡ್ಡ ಪಾಲು ಅವುಗಳ ದೇಹವೇ. ಹುಲ್ಲನ್ನು ತಿನ್ನುವುದು ಅವು. ಅವನ್ನು ತಿನ್ನುವುದು ಹಸು. ದನದ ಆರೋಗ್ಯದ ಬಗ್ಗೆ, ಮೇವಿನ ಬಗ್ಗೆ, ಡಬ್ಬಿಯಲ್ಲಿ ಬರುವ ಟಾನಿಕ್ಕುಗಳ ಬಗ್ಗೆ ಏನೇ ಮಾತಾಡಬೇಕಿದ್ದರೂ ಇಲ್ಲಿಂದಲೇ ಶುರು ಮಾಡಬೇಕು.

ಕೋಬಾಲ್ಟಿನ ಒಗಟು ಬಿಡಿಸಿಕೊಂಡದ್ದೂ ಇಲ್ಲೇ. 1948ರಲ್ಲಿ ಅಮೆರಿಕದ ಮರ್ಕ್ ಕಂಪನಿಯಲ್ಲಿ ಕಾರ್ಲ್ ಫೋಕರ್ಸ್ ತಂಡ, ಇಂಗ್ಲೆಂಡಿನ ಗ್ಲಾಕ್ಸೊದಲ್ಲಿ ಲೆಸ್ಟರ್ ಸ್ಮಿತ್, ಇಬ್ಬರೂ ಬೇರೆಬೇರೆಯಾಗಿ ಯಕೃತ್ತಿನಿಂದ ಕೆಂಪು ಹರಳೊಂದನ್ನು ಬೇರ್ಪಡಿಸಿದರು. ಅದೇ ಬಿ12 ಜೀವಸತ್ವ. ಒಳಗೆ ನೋಡಿದರೆ ನಟ್ಟನಡುವೆ ಒಂದು ಕೋಬಾಲ್ಟ್ ಪರಮಾಣು! ಜೀವಸತ್ವಗಳಲ್ಲೆಲ್ಲ ಲೋಹವನ್ನು ಒಡಲಲ್ಲಿಟ್ಟುಕೊಂಡದ್ದು ಇದೊಂದೇ. ಇದನ್ನು ಗಿಡ ತಯಾರಿಸಲಾರದು, ಪ್ರಾಣಿಯೂ ತಯಾರಿಸಲಾರದು. ಬ್ಯಾಕ್ಟೀರಿಯಾಗಳಿಗೆ ಮಾತ್ರ ಆ ವಿದ್ಯೆ ಗೊತ್ತು. ಹುಲ್ಲಿನಲ್ಲಿ ಕೋಬಾಲ್ಟ್ ಇಲ್ಲದಿದ್ದರೆ ಹುಲ್ಲಿಗೆ ನಷ್ಟವಿಲ್ಲ, ಹಸಿರಾಗಿಯೇ ಬೆಳೆಯುತ್ತದೆ. ರೂಮೆನ್ನಿನ ಬ್ಯಾಕ್ಟೀರಿಯಾಗಳಿಗೆ ಕಚ್ಚಾ ಮಾಲು ಸಿಗುವುದಿಲ್ಲ, ಬಿ12 ತಯಾರಾಗುವುದಿಲ್ಲ. ಬಿ12 ಇಲ್ಲದಿದ್ದರೆ ಕುರಿಯ ಯಕೃತ್ತು ಪ್ರೊಪಿಯಾನಿಕ್ ಆಮ್ಲವನ್ನು ಸಕ್ಕರೆಯಾಗಿ ತಿರುಗಿಸಿಕೊಳ್ಳಲಾರದು. ಆ ಆಮ್ಲ ರಕ್ತದಲ್ಲಿ ಉಳಿದು ಹಸಿವನ್ನೇ ಕೊಲ್ಲುತ್ತದೆ. ಮುಂದೆ ಬಿ12 ಚುಚ್ಚುಮದ್ದು ಕೊಟ್ಟು ನೋಡಿದಾಗ ಸೊರಗಿದ ಕುರಿಗಳು ತಲೆಯೆತ್ತಿ ಮೇಯತೊಡಗಿದವು. ಕುದುರೆಗೆ ರೂಮೆನ್ ಇಲ್ಲ. ಪ್ರೊಪಿಯಾನಿಕ್ ಆಮ್ಲವನ್ನು ಕುರಿಯಷ್ಟು ನೆಚ್ಚಿಕೊಂಡ ಬದುಕೂ ಅದರದ್ದಲ್ಲ.

ಮಾರ್ಸ್ಟನ್ ತಂಡ 1958ರಲ್ಲಿ ಹೊರತಂದ ಪರಿಹಾರವಂತೂ ಸೊಗಸಾದದ್ದು. ಕೋಬಾಲ್ಟ್ ಆಕ್ಸೈಡನ್ನು ಜೇಡಿಮಣ್ಣಿನ ಜೊತೆ ಸುಟ್ಟು ಮಾಡಿದ ಭಾರದ ಗುಂಡು. ಕುರಿ ಒಮ್ಮೆ ನುಂಗಿದರೆ ಅದು ಹೊಟ್ಟೆಯ ಮುಂದಿನ ಕೋಣೆಯಲ್ಲಿ ಕೂತು ವರ್ಷಗಟ್ಟಲೆ ಇಷ್ಟಿಷ್ಟೇ ಕರಗುತ್ತದೆ. ಕೆಲವು ಕುರಿಗಳಲ್ಲಿ ಗುಂಡಿನ ಮೇಲೆ ಸುಣ್ಣದಂಥ ಪದರ ಕಟ್ಟಿ ಕರಗುವುದು ನಿಂತುಹೋಯಿತು. ಆಗ ಜೊತೆಗೆ ಒಂದು ಸಣ್ಣ ಉಕ್ಕಿನ ತಿರುಪನ್ನೂ ನುಂಗಿಸಿದರು. ರೂಮೆನ್ ಕುಲುಕಿದಾಗಲೆಲ್ಲ ತಿರುಪು ಗುಂಡಿಗೆ ಉಜ್ಜಿ ಪದರ ಕಿತ್ತುಹೋಗುತ್ತಿತ್ತು.

ಈ ಸೂಕ್ಷ್ಮಜೀವಿಗಳು ಎಷ್ಟು ದೂರ ಹೋಗಬಲ್ಲವು ಎಂಬುದನ್ನು ತೋರಿಸಿದವರು ಫಿನ್ಲೆಂಡಿನ ಆರ್ಟುರಿ ವಿರ್ಟಾನೆನ್. ಹಸಿ ಮೇವನ್ನು ಆಮ್ಲ ಹಾಕಿ ಕೆಡದಂತೆ ಇಡುವ ವಿಧಾನಕ್ಕಾಗಿ 1945ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರು. ಮೇವಿನ ಕೆಲಸಕ್ಕೆ ನೊಬೆಲ್ ಎಂದರೆ ಈಗಲೂ ಹಲವರು ಹುಬ್ಬೇರಿಸುತ್ತಾರೆ. ಆಮೇಲೆ ಅವರು ಇನ್ನೊಂದು ಪ್ರಯೋಗಕ್ಕೆ ಕೈಹಾಕಿದರು. ಹಸುಗಳಿಗೆ ಹುಲ್ಲೂ ಇಲ್ಲ, ಹಿಂಡಿಯೂ ಇಲ್ಲ. ಶುದ್ಧ ನಾರು, ಪಿಷ್ಟ, ಸಕ್ಕರೆ, ಖನಿಜಗಳು. ಸಾರಜನಕಕ್ಕೆ ಯೂರಿಯಾ ಮತ್ತು ಅಮೋನಿಯಂ ಲವಣ ಮಾತ್ರ. ಮೇವಿನಲ್ಲಿ ಪ್ರೋಟೀನಿನ ಸೊಲ್ಲೇ ಇಲ್ಲ. ತಿಂಗಳುಗಟ್ಟಲೆ ನಿಧಾನವಾಗಿ ಒಗ್ಗಿಸಿದ ಮೇಲೆ ಆ ಹಸುಗಳು ಹಾಲು ಕೊಟ್ಟವು, ಕರು ಹಾಕಿದವು. ಫಲಿತಾಂಶ 1966ರಲ್ಲಿ ಪ್ರಕಟವಾಯಿತು. ಹೊಲಕ್ಕೆ ಎರಚುವ ಯೂರಿಯಾ ಹಾಲಿನ ಪ್ರೋಟೀನಾಗಿ ಹೊರಬಂದಿತ್ತು. ನಡುವೆ ನಿಂತು ಅದನ್ನು ಮಾಡಿದವು ಬ್ಯಾಕ್ಟೀರಿಯಾಗಳು.

ಕರ್ನಾಟಕದ ಹಳ್ಳಿಗಳಲ್ಲಿ ಪಶುವೈದ್ಯರು ಕಲಿಸುವ ಯೂರಿಯಾ ಉಪಚಾರದ ಹಿಂದೆ ಇರುವುದೂ ಈ ವಿಜ್ಞಾನವೇ. ನೂರು ಕಿಲೋ ಒಣಹುಲ್ಲಿಗೆ ನಾಲ್ಕು ಕಿಲೋ ಯೂರಿಯಾ, ನೀರಿನಲ್ಲಿ ಕರಗಿಸಿ ಪದರ ಪದರವಾಗಿ ಚಿಮುಕಿಸಿ, ತುಳಿದು, ಪ್ಲಾಸ್ಟಿಕ್ ಹಾಳೆ ಹೊದಿಸಿ ಮೂರು ವಾರ ಮುಚ್ಚಿಡುವುದು. ಒಳಗೆ ಹುಟ್ಟುವ ಅಮೋನಿಯಾ ನಾರಿನ ಬಿಗಿ ಸಡಿಲಿಸುತ್ತದೆ, ಸಾರಜನಕವೂ ಸೇರುತ್ತದೆ. ಬಿಚ್ಚಿದಾಗ ಹುಲ್ಲು ಕಂದುಬಣ್ಣಕ್ಕೆ ತಿರುಗಿ ಘಾಟು ಹೊಡೆಯುತ್ತದೆ. ಸ್ವಲ್ಪ ಹೊತ್ತು ಗಾಳಿಗೆ ಹರಡಿ ಕೊಟ್ಟರೆ ದನ ಬೇಡವೆನ್ನುವುದಿಲ್ಲ. ಇದೇ ಯೂರಿಯಾ ನೀರಿನ ಬಕೆಟ್ಟಿನಲ್ಲಿ ಉಳಿದು ದನ ಕುಡಿದುಬಿಟ್ಟರೆ ಅರ್ಧ ಗಂಟೆ ಸಾಕು: ಮೈ ನಡುಕ, ಬಾಯಲ್ಲಿ ನೊರೆ, ಹೊಟ್ಟೆಯುಬ್ಬರ, ಸಾವು. ಒಂದೇ ಸಲಕ್ಕೆ ಹುಟ್ಟಿದ ಅಷ್ಟು ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ಬಳಸಿಕೊಳ್ಳಲಾರವು, ಅದು ರಕ್ತಕ್ಕೆ ನುಗ್ಗುತ್ತದೆ. ವಿನೆಗರ್ ಮತ್ತು ತಣ್ಣೀರು ಕುಡಿಸುವುದೇ ತಕ್ಷಣದ ಉಪಾಯ. ರೂಮೆನ್ ಇನ್ನೂ ಬೆಳೆಯದ ಎಳೆಗರುಗಳಿಗೆ ಯೂರಿಯಾದ ಮೇವು ಕೊಡಲೇಬಾರದು.

ಹಳ್ಳಿಯ ಕೊಟ್ಟಿಗೆಗಳಲ್ಲಿ ಯೂರಿಯಾಕ್ಕಿಂತ ಹೆಚ್ಚು ಜೀವ ತೆಗೆಯುವುದು ಅನ್ನ. ಈ ಮಾತು ಕೇಳಿದರೆ ಅನೇಕರಿಗೆ ನಂಬಿಕೆ ಬರುವುದಿಲ್ಲ. ಮನುಷ್ಯರಿಗೆ ಅಮೃತವಾದದ್ದು ಗೋವಿಗೆ ವಿಷ ಹೇಗಾದೀತು? ಮದುವೆ ಮನೆಯಲ್ಲಿ ಊಟ ಮುಗಿಯುತ್ತದೆ, ಹಂಡೆಯಲ್ಲಿ ಅನ್ನ ಉಳಿಯುತ್ತದೆ, ಚೆಲ್ಲುವುದು ಪಾಪವೆಂದು ಹತ್ತಿರದ ದನಕ್ಕೆ ಸುರಿಯುತ್ತಾರೆ. ಜಾತ್ರೆಯ ಪಾಯಸ, ಹಬ್ಬದ ಹೋಳಿಗೆ, ಮಲೆನಾಡಿನ ಹಿತ್ತಿಲಲ್ಲಿ ಉದುರಿದ ಹಲಸಿನ ತೊಳೆ, ಮುಚ್ಚಳ ತೆರೆದಿಟ್ಟ ರಾಗಿ ಹಿಟ್ಟಿನ ಡಬ್ಬ, ಎಲ್ಲದರ ಕಥೆಯೂ ಒಂದೇ. 2024ರ ಜೂನ್‌ನಲ್ಲಿ ಕೇರಳದ ಕೊಲ್ಲಂ ಜಿಲ್ಲೆಯ ಒಂದು ಫಾರಂನಲ್ಲಿ ಪರೋಟ ಮತ್ತು ಹಲಸನ್ನು ಹೆಚ್ಚಾಗಿ ತಿಂದು ಐದು ಹಸುಗಳು ಸತ್ತವು. ತಿನ್ನಿಸಿದವರದು ಕೇಡಿನ ಮನಸ್ಸಲ್ಲ. ಅಂಥ ಮನೆಗಳಲ್ಲಿ ದನ ಸತ್ತಾಗ ಆಗುವ ಸಂಕಟ ನೋಡಿದವರಿಗೆ ಗೊತ್ತು.

ಆ ಹೊಟ್ಟೆಯೊಳಗೆ ನಡೆಯುವುದು ಹೀಗೆ. ನಾರನ್ನು ನಿಧಾನವಾಗಿ ಒಡೆಯುವ ಬ್ಯಾಕ್ಟೀರಿಯಾಗಳ ಜೊತೆ ಸ್ಟ್ರೆಪ್ಟೊಕಾಕಸ್ ಬೋವಿಸ್ ಎಂಬ ಇನ್ನೊಂದು ಜಾತಿ ಸದಾ ಇದ್ದೇ ಇರುತ್ತದೆ, ಕಡಿಮೆ ಸಂಖ್ಯೆಯಲ್ಲಿ, ಮೂಲೆಗುಂಪಾಗಿ. ಬೇಯಿಸಿದ ಪಿಷ್ಟ ಒಮ್ಮೆಗೇ ಬಂದು ಬಿದ್ದರೆ ಅದಕ್ಕೆ ಸುಗ್ಗಿ. ಅರ್ಧ ಗಂಟೆಯೊಳಗೇ ಇಮ್ಮಡಿಯಾಗುತ್ತ, ಲ್ಯಾಕ್ಟಿಕ್ ಆಮ್ಲವನ್ನು ಸುರಿಸುತ್ತ ಹೋಗುತ್ತದೆ. ಸಾಮಾನ್ಯವಾಗಿ ಹಸುವಿನ ಜೊಲ್ಲಿನಲ್ಲಿರುವ ಸೋಡಾ ಹೆಚ್ಚಿನ ಹುಳಿಯನ್ನು ತಗ್ಗಿಸುತ್ತದೆ. ಹಸು ದಿನಕ್ಕೆ ನೂರು ಲೀಟರಿಗೂ ಹೆಚ್ಚು ಜೊಲ್ಲು ಸುರಿಸಬಲ್ಲದು. ಆದರೆ ಜೊಲ್ಲು ಬರುವುದು ಮೆಲುಕು ಹಾಕಿದಾಗ, ಮೆಲುಕು ಹಾಕಲು ಬೇಕಾದ್ದು ಒರಟು ನಾರು. ಅನ್ನಕ್ಕೆ ಮೆಲುಕು ಬೇಕಾಗುವುದೇ ಇಲ್ಲ. ಪಿಎಚ್ ಐದಕ್ಕಿಂತ ಕೆಳಗಿಳಿಯುತ್ತದೆ. ನಾರು ಒಡೆಯುವ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಪ್ರೋಟೊಜೋವಾಗಳು ಸಾಯುತ್ತವೆ. ಹುಳಿ ಗಂಜಿ ದೇಹದ ನೀರನ್ನೆಲ್ಲ ರೂಮೆನ್ನಿಗೆ ಎಳೆದುಕೊಳ್ಳುತ್ತದೆ. ಹೊಟ್ಟೆಯನ್ನು ತಳ್ಳಿದರೆ ಅರ್ಧ ತುಂಬಿದ ಕೊಡದ ಹಾಗೆ ಕುಲುಕುವುದು ಕೇಳಿಸುತ್ತದೆ, ಅದೇ ಹೊತ್ತಿಗೆ ಕಣ್ಣು ಒಣಗಿ ಗುಳಿ ಬಿದ್ದಿರುತ್ತದೆ. ಮರುದಿನ ಬೂದುಬಣ್ಣದ ಹುಳಿವಾಸನೆಯ ಭೇದಿ. ಆಮೇಲೆ ಹಸು ಮಲಗಿಬಿಡುತ್ತದೆ, ಎಬ್ಬಿಸಿದರೂ ಏಳುವುದಿಲ್ಲ. ಬದುಕುಳಿದರೂ ಕೆಲವಕ್ಕೆ ಗೊರಸಿನ ಉರಿಯೂತ ಶುರುವಾಗಿ ಕುಂಟುತ್ತವೆ, ಕೆಲವಕ್ಕೆ ತಿಂಗಳ ನಂತರ ಯಕೃತ್ತಿನಲ್ಲಿ ಕೀವು ಕಟ್ಟುತ್ತದೆ.

ಬೇಗ ಗೊತ್ತಾದರೆ ಅಡುಗೆ ಸೋಡಾ ಮತ್ತು ಸಲೈನ್ ಕೆಲಸ ಮಾಡುತ್ತವೆ. ತಡವಾದರೆ ಪಶುವೈದ್ಯರು ಎಡಪಕ್ಕೆ ಕೊಯ್ದು, ಭುಜದವರೆಗೆ ಕೈ ಹಾಕಿ, ಹುಳಿತ ಅನ್ನವನ್ನೆಲ್ಲ ಹೊರತೆಗೆಯುತ್ತಾರೆ. ಇಷ್ಟಾದರೂ ಹಸು ಮೇಯುವುದಿಲ್ಲ, ಯಾಕೆಂದರೆ ಒಳಗೆ ಮೇವು ಒಡೆಯುವವರೇ ಇಲ್ಲ. ಆಗ ಆರೋಗ್ಯವಂತ ದನದ ರೂಮೆನ್ನಿನಿಂದ ಒಂದಷ್ಟು ರಸ ತೆಗೆದು, ಬಟ್ಟೆಯಲ್ಲಿ ಸೋಸಿ, ಬಿಸಿ ಆರುವ ಮುಂಚೆ ಕೊಳವೆಯಲ್ಲಿ ಕುಡಿಸುತ್ತಾರೆ. ಸ್ವೀಡನ್ನಿನ ರೈತರು ಹದಿನೆಂಟನೇ ಶತಮಾನದಲ್ಲೇ, ಬ್ಯಾಕ್ಟೀರಿಯಾ ಎಂಬ ಮಾತೂ ಹುಟ್ಟದ ಕಾಲದಲ್ಲಿ, ಗಟ್ಟಿ ಹಸುವಿನ ಬಾಯಿಂದ ಮೆಲುಕನ್ನು ಕಸಿದು ಸೊರಗಿದ ಹಸುವಿಗೆ ತಿನ್ನಿಸುತ್ತಿದ್ದರು.

ಮನೆಯ ಕಲಗಚ್ಚು ಕೊಡಬಾರದೆಂದು ಇದರ ಅರ್ಥವಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಒಂದು ಹಿಡಿ ಅನ್ನ ಎಷ್ಟೋ ತಲೆಮಾರುಗಳಿಂದ ನಡೆದು ಬಂದದ್ದು, ಅದರಿಂದ ತೊಂದರೆಯಿಲ್ಲ. ಬಕೆಟ್‌ಗಟ್ಟಲೆ ಒಂದೇ ಸಲ ಸುರಿದಾಗಲೇ ಅನಾಹುತ. ಮೇವನ್ನು ಬದಲಾಯಿಸುವಾಗಲೂ ಅಷ್ಟೇ: ಒಣಹುಲ್ಲಿನಿಂದ ಜೋಳದ ಹಿಟ್ಟಿಗೆ, ಹಳೆ ಹಿಂಡಿಯಿಂದ ಹೊಸ ಹಿಂಡಿಗೆ ಹೋಗಲು ಎರಡು ಮೂರು ವಾರ ಬೇಕು. ಹಸುವಿಗಲ್ಲ, ಒಳಗಿನ ಜೀವಿಗಳಿಗೆ.

ಅವು ಕೆಲವೊಮ್ಮೆ ಹಸುವಿಗೇ ತಿರುಗಿಬೀಳುತ್ತವೆ. ಉತ್ತರ ಕರ್ನಾಟಕದ ಜೋಳ ಬೆಳೆಯುವ ಸೀಮೆಯಲ್ಲಿ, ಕೊಯ್ದ ಹೊಲದಲ್ಲಿ ಕೂಳೆ ಚಿಗುರಿದಾಗ ದನ ಬಿಡಬಾರದೆಂದು ಹಿರಿಯರು ಹೇಳುತ್ತಾರೆ. ಎಳೆ ಜೋಳದಲ್ಲಿ ಧುರಿನ್ ಎಂಬ ಸಂಯುಕ್ತವಿದೆ. ಬರದಲ್ಲಿ ಬಾಡಿ ಮತ್ತೆ ಮಳೆಗೆ ಚಿಗುರಿದ ಪೈರಿನಲ್ಲಿ ಅದು ಇನ್ನೂ ಹೆಚ್ಚು. ಧುರಿನ್ ತಾನಾಗಿ ವಿಷವಲ್ಲ. ರೂಮೆನ್ನಿನ ಬ್ಯಾಕ್ಟೀರಿಯಾಗಳು ಅದರಲ್ಲಿರುವ ಸಕ್ಕರೆಗಾಗಿ ಅದನ್ನು ಸೀಳುತ್ತವೆ, ಉಳಿದ ತುಂಡು ಸಯನೈಡ್. ಹಂದಿ, ಕುದುರೆಗಳಿಗಿಂತ ದನಕ್ಕೆ ಈ ಮೇವು ಹೆಚ್ಚು ಅಪಾಯ ಎಂಬುದಕ್ಕೆ ಇದೇ ಕಾರಣ. ಸಯನೈಡ್ ಜೀವಕೋಶಗಳಿಗೆ ಆಮ್ಲಜನಕ ಬಳಸಿಕೊಳ್ಳಲು ಬಿಡುವುದಿಲ್ಲ. ರಕ್ತ ಆಮ್ಲಜನಕ ತುಂಬಿಕೊಂಡು ಕಡುಗೆಂಪಾಗಿಯೇ ಹರಿಯುತ್ತಿರುತ್ತದೆ, ಹಸು ಉಸಿರುಗಟ್ಟಿ ಬೀಳುತ್ತದೆ. ಹೊಲದಲ್ಲೇ ಸೋಡಿಯಂ ಥಯೋಸಲ್ಫೇಟ್ ಸಿಕ್ಕರೆ ಬದುಕುವ ಆಸೆಯಿದೆ. ಅದರ ಗಂಧಕ ಸಯನೈಡಿಗೆ ಸೇರಿ ನಿರುಪದ್ರವಿಯಾದ ಥಯೋಸಯನೇಟಾಗುತ್ತದೆ. ಹೂ ಬಿಟ್ಟ ಜೋಳ, ಚೆನ್ನಾಗಿ ಒಣಗಿಸಿದ ಕಣಿಕೆ, ಹದವಾಗಿ ಹುದುಗಿದ ಸೈಲೇಜ್ ಇವುಗಳಲ್ಲಿ ಆ ಭಯ ಬಹಳ ಕಡಿಮೆ.

ಇಂಗ್ಲೆಂಡಿನ ಸೋಮರ್‌ಸೆಟ್‌ನಲ್ಲಿ ಟಿಯರ್ಟ್ ಎಂದು ಕರೆಯುವ ಹುಲ್ಲುಗಾವಲುಗಳಿವೆ, ಅಲ್ಲೂ ಈ ಜೀವಿಗಳದೇ ಕೈವಾಡ. ಅಲ್ಲಿ ಮೇಯ್ದ ಹಸುಗಳಿಗೆ ತಡೆಯಿಲ್ಲದ ಭೇದಿ, ಕಪ್ಪು ಹಸುವಿನ ರೋಮ ತುಕ್ಕಿನ ಬಣ್ಣಕ್ಕೆ ತಿರುಗುತ್ತಿತ್ತು. ಡಬ್ಲ್ಯು. ಎಸ್. ಫರ್ಗುಸನ್ ಮತ್ತು ಸಂಗಡಿಗರು 1938ರಲ್ಲಿ ಕಾರಣ ಹಿಡಿದರು: ಆ ಹುಲ್ಲಿನಲ್ಲಿ ಮಾಲಿಬ್ಡಿನಂ ವಿಪರೀತ. ದಿನಕ್ಕೆ ಒಂದೆರಡು ಗ್ರಾಂ ಮೈಲುತುತ್ತ, ಅಂದರೆ ತಾಮ್ರದ ಲವಣ, ಕೊಟ್ಟರೆ ಭೇದಿ ನಿಲ್ಲುತ್ತಿತ್ತು. ಯಾಕೆ ನಿಲ್ಲುತ್ತದೆ ಎಂಬುದು ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ರೂಮೆನ್ನಿನ ಬ್ಯಾಕ್ಟೀರಿಯಾಗಳು ಗಂಧಕವನ್ನು ಸಲ್ಫೈಡಾಗಿ ಮಾಡುತ್ತವೆ, ಸಲ್ಫೈಡ್ ಮಾಲಿಬ್ಡಿನಂಗೆ ಅಂಟಿ ಥಯೋಮಾಲಿಬ್ಡೇಟಾಗುತ್ತದೆ, ಅದು ಮೇವಿನಲ್ಲಿದ್ದ ತಾಮ್ರವನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಮೇವಿನಲ್ಲಿ ತಾಮ್ರ ಇದ್ದರೂ ಹಸುವಿಗೆ ದಕ್ಕುವುದಿಲ್ಲ.

ಹಾಗೆಂದು ತಾಮ್ರವನ್ನು ಎಲ್ಲರಿಗೂ ಹಂಚಲಾಗದು. ಕುರಿಯ ಯಕೃತ್ತು ತಾಮ್ರವನ್ನು ಕೂಡಿಡುತ್ತಲೇ ಹೋಗುತ್ತದೆ, ಹೊರಹಾಕಲು ಅದಕ್ಕೆ ಸರಿಯಾಗಿ ಬಾರದು. ತಿಂಗಳುಗಟ್ಟಲೆ ಕುರಿ ಚೆನ್ನಾಗಿಯೇ ಕಾಣುತ್ತದೆ. ಒಂದು ದಿನ, ದೂರದ ಸಾಗಣೆಯೋ ಉಪವಾಸವೋ ನೆಪವಾಗಿ, ಕೂಡಿಟ್ಟ ತಾಮ್ರವೆಲ್ಲ ಒಮ್ಮೆಗೇ ರಕ್ತಕ್ಕೆ ಬೀಳುತ್ತದೆ. ಕೆಂಪು ರಕ್ತಕಣಗಳು ಒಡೆದು ಕಣ್ಣು ಹಳದಿಯಾಗುತ್ತದೆ, ಮೂತ್ರ ಕಾಫಿಬಣ್ಣಕ್ಕೆ ತಿರುಗುತ್ತದೆ, ಒಂದೆರಡು ದಿನದಲ್ಲಿ ಸಾವು. ಹಸು ಕಿಲೋ ಮೇವಿಗೆ 40 ಮಿಲಿಗ್ರಾಂ ತಾಮ್ರ ತಾಳಿಕೊಳ್ಳುವ ಕಡೆ ಕುರಿಯ ಮಿತಿ ಸುಮಾರು 15. ಹಸುವಿನ ಖನಿಜ ಮಿಶ್ರಣವನ್ನು ಅದೇ ಕೊಟ್ಟಿಗೆಯ ಕುರಿಗೂ ಹಾಕುವುದು, ತಾಮ್ರವಿರುವ ಬೋರ್ಡೋ ದ್ರಾವಣ ಸಿಂಪಡಿಸಿದ ತೋಟದಲ್ಲಿ ಕುರಿ ಮೇಯಿಸುವುದು, ಎರಡೂ ಅಪಾಯ. ಖನಿಜ ಮಿಶ್ರಣದ ಚೀಲದ ಮೇಲೆ ಇದನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಯಬೇಕು. ಚೀಲ ಒಯ್ಯುವ ರೈತನಿಗೆ ಇದು ತಿಳಿಯಲೇಬೇಕಾದ ವಿಷಯ.

ಖನಿಜ ಮಿಶ್ರಣ ಬೇಡವೆಂದೂ ಅಲ್ಲ. ಕರ್ನಾಟಕದ ದನಗಳ ಮುಖ್ಯ ಮೇವು ಬೈಹುಲ್ಲು, ರಾಗಿಹುಲ್ಲು, ಜೋಳದ ಕಣಿಕೆ, ಮುಸುಕಿನ ಜೋಳದ ಸೊಪ್ಪೆ. ರಾಗಿಹುಲ್ಲಿನಲ್ಲಿ ಸುಣ್ಣದ ಅಂಶ ಚೆನ್ನಾಗಿದೆ. ಬೈಹುಲ್ಲಿನಲ್ಲಿರುವ ಆಕ್ಸಲೇಟ್ ಇದ್ದಬದ್ದ ಸುಣ್ಣವನ್ನೂ ಹಿಡಿದಿಡುತ್ತದೆ, ರಂಜಕವೂ ಅದರಲ್ಲಿ ಕಡಿಮೆ. ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಶುರುವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಊರೂರಿನ ಮಣ್ಣು, ಮೇವು, ದನದ ರಕ್ತ ಪರೀಕ್ಷಿಸಿ, ಆಯಾ ಪ್ರದೇಶದಲ್ಲಿ ಕೊರತೆಯಿರುವ ಖನಿಜಗಳನ್ನಷ್ಟೇ ಸೇರಿಸಿದ ಮಿಶ್ರಣಗಳನ್ನು ರೂಪಿಸಿದೆ. ಮಾಡಬೇಕಾದ ಕೆಲಸ ಇದೇ. ಕೊರತೆ ಯಾವುದೆಂದು ನೋಡದೆ ಬಣ್ಣದ ಬಾಟಲಿಯ ಟಾನಿಕ್ಕಿಗೆ ನೂರಾರು ರೂಪಾಯಿ ಸುರಿಯುವ ಬದಲು, ದಿನಕ್ಕೆ 50 ಗ್ರಾಂ ಒಳ್ಳೆಯ ಖನಿಜ ಮಿಶ್ರಣ, ಹಿಡಿ ಉಪ್ಪು, ಒಂದಿಷ್ಟು ಹಸಿಮೇವು ಕೊಟ್ಟ ಹಸು ಸಕಾಲಕ್ಕೆ ಬೆದೆಗೆ ಬರುತ್ತದೆ, ಗಬ್ಬವೂ ನಿಲ್ಲುತ್ತದೆ.

ಸೂಕ್ಷ್ಮಜೀವಿಗಳನ್ನೇ ಬದಲಾಯಿಸಲು ಹೊರಟ ಪೂರಕಗಳೂ ಇವೆ. ಮೊನೆನ್ಸಿನ್ ಎಂಬುದು ಕೋಳಿಗಳ ಭೇದಿಗೆಂದು ಬಂದ ಔಷಧ. ರೂಮೆನ್ನಿನ ಕೆಲವು ಜಾತಿಯ ಬ್ಯಾಕ್ಟೀರಿಯಾಗಳನ್ನು ತಗ್ಗಿಸಿ ಪ್ರೊಪಿಯಾನಿಕ್ ಆಮ್ಲವನ್ನು ಹೆಚ್ಚಿಸುತ್ತದೆಂದು ತಿಳಿದ ಮೇಲೆ 1970ರ ದಶಕದಲ್ಲಿ ಅಮೆರಿಕದ ದನಗಳ ಮೇವಿಗೂ ಬಂತು. ಅದೇ ಮೇವು ತಪ್ಪಿ ಕುದುರೆಯ ತೊಟ್ಟಿಗೆ ಬಿದ್ದರೆ ಕುದುರೆ ಉಳಿಯುವುದು ಕಷ್ಟ. ಮೈತೂಕದ ಕಿಲೋಗೆ ಎರಡು ಮೂರು ಮಿಲಿಗ್ರಾಂ ಸಾಕು, ಹೃದಯದ ಸ್ನಾಯು ಸಾಯುತ್ತದೆ. ದನ ಬೇಗ ಬೆಳೆಯಲೆಂದು ಇಂಥ ಔಷಧ ಬೆರೆಸುವುದನ್ನು ಐರೋಪ್ಯ ಒಕ್ಕೂಟ 2006ರಿಂದ ನಿಲ್ಲಿಸಿದೆ.

ಮೇವಿಗೆ ಏನನ್ನೂ ಬೆರೆಸದೆ, ಒಂದು ಬ್ಯಾಕ್ಟೀರಿಯಾವನ್ನೇ ಊರಿಂದೂರಿಗೆ ಒಯ್ದು ನೆಲೆಗೊಳಿಸಿದ ಕಥೆ ಸುಬಾಬುಲ್‌ನದು. ಮೆಕ್ಸಿಕೊ ಮೂಲದ ಈ ಮರವನ್ನು ಭಾರತದಲ್ಲಿ ಹಬ್ಬಿಸಿದ್ದು ಪುಣೆ ಬಳಿಯ ಉರುಳಿಕಾಂಚನದ ಬೈಫ್ ಸಂಸ್ಥೆ. ಬರದಲ್ಲೂ ಹಸಿರಾಗಿರುವ, ಪ್ರೋಟೀನ್ ತುಂಬಿದ ಸೊಪ್ಪು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲೂ ನೆಟ್ಟರು. ಅಲ್ಲಿ ಅದನ್ನು ಹೆಚ್ಚು ತಿಂದ ದನಗಳ ಬಾಲದ ಕೂದಲು ಉದುರಿತು, ಜೊಲ್ಲು ಸುರಿಯಿತು, ಗಂಟಲಿನ ಥೈರಾಯ್ಡ್ ಗ್ರಂಥಿ ಊದಿತು, ಕರುಗಳು ನಿತ್ರಾಣವಾಗಿ ಹುಟ್ಟಿದವು. ಸೊಪ್ಪಿನಲ್ಲಿರುವ ಮಿಮೊಸಿನ್ ರೂಮೆನ್ನಿನಲ್ಲಿ ಡಿಎಚ್‌ಪಿ ಎಂಬ ಇನ್ನೊಂದು ವಿಷವಾಗಿ ಬದಲಾಗಿ ಥೈರಾಯ್ಡನ್ನು ಕಟ್ಟಿಹಾಕುತ್ತಿತ್ತು.

ಟೌನ್ಸ್‌ವಿಲ್‌ನ ವಿಜ್ಞಾನಿ ರೇಮಂಡ್ ಜೋನ್ಸ್ ಅವರನ್ನು ಕಾಡಿದ್ದು ಒಂದು ಸಂಗತಿ: ಹವಾಯಿ ದ್ವೀಪದ ಮೇಕೆಗಳು ವರ್ಷಾನುಗಟ್ಟಲೆ ಇದೇ ಸೊಪ್ಪು ತಿಂದು ಗಟ್ಟಿಯಾಗಿವೆ. ಮರ ಒಂದೇ, ವಿಷ ಒಂದೇ. ವ್ಯತ್ಯಾಸ ಹೊಟ್ಟೆಯಲ್ಲೇ ಇರಬೇಕೆಂದು 1981ರಲ್ಲಿ ಅವರು ಬರೆದರು. ಹವಾಯಿ ಮೇಕೆಗಳ ಮೂತ್ರದಲ್ಲಿ ಡಿಎಚ್‌ಪಿ ಇರಲಿಲ್ಲ. ಅವುಗಳ ರೂಮೆನ್ ರಸವನ್ನು ಗಾಜಿನ ಕೊಳವೆಯಲ್ಲಿ ವಿಷದ ಜೊತೆ ಇಟ್ಟರೆ ವಿಷ ಮಾಯವಾಗುತ್ತಿತ್ತು, ಆಸ್ಟ್ರೇಲಿಯಾದ ಪ್ರಾಣಿಗಳ ರಸದಲ್ಲಿ ಹಾಗೇ ಉಳಿಯುತ್ತಿತ್ತು. ಜೋನ್ಸ್ ಆ ರಸವನ್ನು ಆಸ್ಟ್ರೇಲಿಯಾಕ್ಕೆ ತರಿಸಿ ಮೊದಲು ಮೇಕೆಗಳಿಗೆ, ಆಮೇಲೆ ದನಗಳಿಗೆ ಕೊಟ್ಟರು. ಕೆಲವೇ ದಿನಗಳಲ್ಲಿ ಅವುಗಳ ಮೂತ್ರದಿಂದ ಡಿಎಚ್‌ಪಿ ಇಳಿಯಿತು. ಅದನ್ನು ಒಡೆಯುವ ಬ್ಯಾಕ್ಟೀರಿಯಾವನ್ನು ಅಮೆರಿಕದ ಮಿಲ್ಟನ್ ಆಲಿಸನ್ ಮತ್ತು ಸಂಗಡಿಗರು ಬೇರ್ಪಡಿಸಿ 1992ರಲ್ಲಿ ಹೆಸರಿಟ್ಟರು: ಸಿನರ್ಜಿಸ್ಟಿಸ್ ಜೋನ್ಸಿಯೈ.

ಕ್ವೀನ್ಸ್‌ಲ್ಯಾಂಡ್ ಸರ್ಕಾರ ಇದನ್ನು ತೊಟ್ಟಿಗಳಲ್ಲಿ ಬೆಳೆಸಿ ಹೆಪ್ಪುಗಟ್ಟಿಸಿ ರೈತರಿಗೆ ಒದಗಿಸತೊಡಗಿತು. ಹಿಂಡಿನ ಪ್ರತಿ ದನಕ್ಕೂ ಕುಡಿಸಬೇಕಾಗಿಲ್ಲ. ಹತ್ತರಲ್ಲಿ ಒಂದಕ್ಕೆ ಕೊಟ್ಟರೆ ಒಟ್ಟಿಗೆ ಮೇಯುತ್ತ, ಒಂದೇ ತೊಟ್ಟಿಯ ನೀರು ಕುಡಿಯುತ್ತ ಉಳಿದವಕ್ಕೂ ಹಬ್ಬುತ್ತದೆ. ಆದರೆ ಕುಡಿಸುವ ಮುಂಚೆ ದನಗಳು ಕೆಲವು ದಿನ ಸುಬಾಬುಲ್ ತಿಂದಿರಬೇಕು. ಹೊಟ್ಟೆಯಲ್ಲಿ ಡಿಎಚ್‌ಪಿ ಇಲ್ಲದಿದ್ದರೆ ಆ ಬ್ಯಾಕ್ಟೀರಿಯಾಕ್ಕೆ ತಿನ್ನಲು ಏನೂ ಸಿಗದು. ಅದೇ ಕಾರಣಕ್ಕೆ, ಹಿಂಡನ್ನು ಬೇರೆ ಹುಲ್ಲುಗಾವಲಿಗೆ ತಿಂಗಳುಗಟ್ಟಲೆ ಅಟ್ಟುವಾಗ, ಒಂದಷ್ಟು ದನಗಳನ್ನು ಸುಬಾಬುಲ್ ಸಾಲುಗಳ ನಡುವೆಯೇ ಮೇಯಲು ಉಳಿಸಿಕೊಳ್ಳುತ್ತಾರೆ.